ಬಾಡಿಗೆಯ ಸರ

"ಗುರುಗಳೇ, ಒಬ್ಬ ಕೆಟ್ಟವನು ಊರಿಗೇ ದೊಡ್ಡವನಾಗಿ ಕೂರುತ್ತಾನೆ ಎಂದರೆ, ಆ ಊರಿನಲ್ಲಿ ಒಳ್ಳೆಯವರೇ ಇಲ್ಲವೆಂದು ಅರ್ಥವೇ?"

ಕೇಳಿದವನು ಚಿದಂಬರನೆಂಬ ಶಿಷ್ಯ. ಪಟ್ಟಣಕ್ಕೆ ಭಿಕ್ಷೆಗೆ ಹೋಗಿ ಆಗಷ್ಟೇ ಮರಳಿದ್ದ. ಅಲ್ಲಿ ಏನನ್ನೋ ಕಂಡು ಕುದಿಯುತ್ತಿದ್ದ.

ಗುರುಗಳು ಹೇಳಿದರು: "ಪ್ರಶ್ನೆ ಸೊಟ್ಟಗಿದೆ. ಇರಲಿ, ಕತೆ ಮುಗಿದ ಮೇಲೆ ನೀನೇ ನೆಟ್ಟಗೆ ಮಾಡಿಕೊ. ಕೈಕಾಲು ತೊಳೆದು ಬಂದು ಕೂತುಕೋ."

ಅವನು ಬಂದು ಕೂತ. ಗುರುಗಳು ಶುರು ಮಾಡಿದರು.

ಒಂದು ರಾಜಧಾನಿ. ಅಲ್ಲಿನ ದೊಡ್ಡ ಮನೆತನಗಳ ಹೊಲಗದ್ದೆ ಕರಗಿದ್ದವು, ಹೆಸರು ಮಾತ್ರ ಕರಗಿರಲಿಲ್ಲ. ಹೆಸರಿದ್ದ ಮೇಲೆ ಸಭೆ ಸಮಾರಂಭಗಳಿಗೆ ಹೋಗಬೇಕು. ಹೋದ ಮೇಲೆ ಹೆಂಗಸರ ಮೈಮೇಲೆ ಚಿನ್ನ ಇರಬೇಕು. ಹಾಗಾಗಿ ಆ ಊರಿನಲ್ಲಿ ಒಡವೆಗಳನ್ನು ಬಾಡಿಗೆಗೆ ಕೊಡುವವನೊಬ್ಬ ಹುಟ್ಟಿಕೊಂಡ. ದಾರಿಗಳ್ಳರು ಕಿತ್ತು ತಂದದ್ದು ಅವನ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ತೊಳೆದು, ಹೊಳಪು ಕೊಟ್ಟು, ರೇಷ್ಮೆಯಲ್ಲಿ ಸುತ್ತಿದ ಮೇಲೆ ಅದೇ ಒಡವೆ ಮುಂಬಾಗಿಲಿನಿಂದ ದೊಡ್ಡವರ ಮನೆಗೆ ಹೋಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಕೇಳದೇ ಇರುವುದು ಆ ಊರಿನ ಮರ್ಯಾದೆಯಾಗಿತ್ತು. ಅವನನ್ನು ಯಾರೂ ಮನೆಯೊಳಗೆ ಕೂರಿಸುತ್ತಿರಲಿಲ್ಲ. ಸಮಾರಂಭ ನಡೆಯುವಾಗ ಅವನು ವಾಲಗದವರ ಜೊತೆ ಮೂಲೆಯಲ್ಲಿ ನಿಂತು ತನ್ನ ಒಡವೆಗಳ ಮೇಲೆ ಕಣ್ಣಿಟ್ಟಿರುತ್ತಿದ್ದ.

ಅದೇ ಊರಿನಲ್ಲಿ ಜಡೆ ಹೆಣೆಯುವ ಹೆಂಗಸೊಬ್ಬಳಿದ್ದಳು. ಮದುಮಗಳಿಗೆ ಮೊಗ್ಗಿನ ಜಡೆ ಎಂದರೆ ಆಕೆಯೇ ಬರಬೇಕು. ಆಕೆಗೆ ಒಬ್ಬಳೇ ಮಗಳು. ಮಗಳ ಮದುವೆಗೆ ಆಕೆ ಒಂದೆಳೆ ಚಿನ್ನದ ಸರ ಮಾಡಿಸಿದಳು. ಕೊನೆಗೆ ಚಿನ್ನ ಸಾಲದೆ ಹೋಯಿತು. ಅಕ್ಕಸಾಲಿಗ ಹಿಂಬದಿಯ ಕೊಕ್ಕೆಗೆ ತಾಮ್ರದ ಉಂಗುರ ಹಾಕಿಕೊಟ್ಟ. ತಾಯಿಗೆ ನಾಚಿಕೆಯಾಯಿತು. "ಇರ್ಲಿ ಬಿಡವ್ವಾ, ಜಡಿ ಕೆಳಗ ಯಾರಿಗೂ ಕಾಣೂದಿಲ್ಲ," ಎಂದು ಮಗಳೇ ಸಮಾಧಾನ ಹೇಳಿದಳು.

ಆ ಮಗಳು ಗಂಡನ ಮನೆಗೆ ಹೋಗುವ ದಾರಿಯಲ್ಲಿ ಹೆಣವಾದಳು. ಹಾಳು ಬಾವಿಯಲ್ಲಿ ಸಿಕ್ಕಳು. ಕೊರಳಲ್ಲಿ ಸರ ಇರಲಿಲ್ಲ, ಸರ ಎಳೆದ ಗಾಯವಿತ್ತು. ಅಂದಿನಿಂದ ತಾಯಿಗೆ ಉಳಿದದ್ದು ಒಂದೇ ಆಸೆ. ಆ ಕೊರಳಿಗೆ ಕೈ ಹಾಕಿದವನು ಯಾರು ಎಂದು ತಿಳಿಯಬೇಕು. ಅಷ್ಟು ತಿಳಿದರೆ ಸಾಯಲೂ ಸಿದ್ಧಳಿದ್ದಳು ಪಾಪ.

ಕಾಲ ಕಳೆಯಿತು. ನ್ಯಾಯಾಧಿಕಾರಿಯ ಮಗಳಿಗೆ ಮಂತ್ರಿಯ ಮಗನೊಂದಿಗೆ ಮದುವೆ ನಿಶ್ಚಯವಾಯಿತು. ನಿಶ್ಚಿತಾರ್ಥದ ದಿನ ಜಡೆ ಹೆಣೆಯಲು ಆಕೆಗೇ ಕರೆ ಬಂತು. ಒಡವೆಯನ್ನು ಊರೆಲ್ಲ ಎದುರಿನಿಂದ ನೋಡುತ್ತದೆ, ಜಡೆಯವಳು ಹಿಂದಿನಿಂದ ನೋಡುತ್ತಾಳೆ. ಹುಡುಗಿಯ ಕೂದಲೆತ್ತಿದಾಗ ಆಕೆಯ ಕಣ್ಣಿಗೆ ತಾಮ್ರದ ಉಂಗುರ ಬಿತ್ತು.

ಕೈಯಲ್ಲಿದ್ದ ಮೊಗ್ಗುಗಳನ್ನು ಅಲ್ಲೇ ಚೆಲ್ಲಿ ಆಕೆ ಎದ್ದಳು. ಸೀದಾ ತುಂಬಿದ ಸಭೆಯ ನಡುವೆ ಬಂದು ನಿಂತಳು. ನ್ಯಾಯ ಕೇಳಲು ಬೇರೆಲ್ಲಿಗೂ ಹೋಗಬೇಕಾಗಿರಲಿಲ್ಲ, ನ್ಯಾಯಾಧಿಕಾರಿ ಎದುರಿಗೇ ಕೂತಿದ್ದ.

"ಯಪ್ಪಾ, ನಿಮ್ಮ ಮಗಳ ಕೊಳ್ಳಾಗಿನ ಸರ ನನ್ನ ಮಗಳದು. ಹಿಂದ ತಾಮ್ರದ ಉಂಗುರ ಐತಿ, ನೋಡ್ರಿ. ಸರ ನನಗ ಬ್ಯಾಡ. ಅದು ನಿಮ್ಮ ಮನಿಗೆ ಯಾರ ಕೈಯಿಂದ ಬಂತು, ಅಷ್ಟ ಹೇಳ್ರಿ."

ವಾಲಗ ನಿಂತಿತು. ಯಾರೂ ಆಕೆಯನ್ನು ಗದರಲಿಲ್ಲ. ಆದರೆ ಸಭೆಯಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಸೆರಗು ಎಳೆದು ಕೊರಳು ಮುಚ್ಚಿಕೊಂಡರು.

ನ್ಯಾಯಾಧಿಕಾರಿ ಮೂಲೆಯ ಕಡೆ ನೋಡಿದ. ಒಡವೆಯವನು ಅಲ್ಲಿಂದ ಮುಂದೆ ಬಂದು ಕೈಮುಗಿದ. ಅವನ ದನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ.

"ಅಪ್ಪಣೆ ಆದ್ರ ಹೇಳ್ತೀನ್ರಿ. ಎಲ್ಲಾ ನೆನಪೈತಿ. ಆದ್ರ ಒಂದು ಒಡವಿ ಮಾತು ತಗದ ಮ್ಯಾಲ ಉಳಿದವನ್ನ ಬಿಡಾಕ ಬರೂದಿಲ್ಲ. ಬಲಗಡೆಯಿಂದ ಸುರು ಮಾಡ್ಲೇನ್ರಿ?"

ಬಲಗಡೆ ಮೊದಲು ಕೂತಿದ್ದವಳು ಮಂತ್ರಿಯ ಹೆಂಡತಿ.

ನ್ಯಾಯಾಧಿಕಾರಿ ಜಡೆಯವಳ ಕಡೆ ತಿರುಗಿದ. ಅವನ ಕಣ್ಣು ತೇವವಾಗಿತ್ತು, ಅದು ನಾಟಕವಾಗಿರಲಿಲ್ಲ. ಆಮೇಲೆ ಹೇಳಿದ: "ಮಗಳ ದುಃಖದಿಂದ ಬುದ್ಧಿ ಕದಡಿದೆ, ಪಾಪ. ಯಾರೂ ಒರಟಾಗಿ ಮುಟ್ಟಬೇಡಿ. ಮೆಲ್ಲಗೆ ಮನೆಗೆ ಬಿಟ್ಟು ಬನ್ನಿ."

ಮೆಲ್ಲಗೆಯೇ ಬಿಟ್ಟು ಬಂದರು. ಇತ್ತ ಯಾರೋ ಒಡವೆಯವನಿಗೆ ಚಾಪೆ ಹಾಸಿದರು. ಇನ್ನಾರೋ ತಾಂಬೂಲದ ತಟ್ಟೆ ನೀಡಿದರು. ಮೂಲೆಯಲ್ಲಿ ನಿಲ್ಲುವುದು ಅವನಿಗೆ ಅಂದಿಗೆ ಮುಗಿಯಿತು. ಎಲ್ಲರ ಗುಟ್ಟೂ ಬಲ್ಲವನನ್ನು ಹೊರಗಿಡುವುದಕ್ಕಿಂತ ಒಳಗಿಟ್ಟುಕೊಳ್ಳುವುದೇ ಕ್ಷೇಮವೆಂದು ದೊಡ್ಡವರು ಮಾತಾಡಿಕೊಂಡರು. ಮುಂದಿನ ಮಳೆಗಾಲ ಬರುವ ಮೊದಲೇ ಅವನನ್ನು ನಗರದ ಕೊತ್ವಾಲನನ್ನಾಗಿ ಮಾಡಿದರು. ಕಳ್ಳರನ್ನು ಅವನಷ್ಟು ಬಲ್ಲವರು ಬೇರೆ ಯಾರಿದ್ದರು? ಅವನು ತನ್ನ ಹಳೆಯ ದಾರಿಗಳ್ಳರಿಗೆಲ್ಲ ರುಮಾಲು ಸುತ್ತಿಸಿ, ದೊಣ್ಣೆ ಕೊಟ್ಟು, ಕಾವಲಿಗೆ ಹಾಕಿಕೊಂಡ. ಊರು ಶಾಂತವಾಯಿತು. ಕದಿಯುವವರೆಲ್ಲ ಸಂಬಳಕ್ಕೆ ನಿಂತ ಮೇಲೆ ಇನ್ನೇನಾಗುತ್ತದೆ?

ಜಡೆಯವಳನ್ನು ಮತ್ತೆ ಯಾವ ಮನೆಯವರೂ ಕರೆಯಲಿಲ್ಲ. ಹಿಂದಿನಿಂದ ನೋಡುವ ಕಣ್ಣು ಯಾರಿಗೆ ಬೇಕು? ಆಕೆ ದಿನಾ ಬೆಳಗ್ಗೆ ಕೊತ್ವಾಲನ ಬಾಗಿಲಿಗೆ ಹೋಗಿ ಕೂರುತ್ತಿದ್ದಳು. ಅವನು ಬಂದಾಗ ಎದ್ದು ಅದೇ ಮಾತು ಕೇಳುತ್ತಿದ್ದಳು. ಅವನು ಒಮ್ಮೆಯೂ ಆಕೆಯನ್ನು ಹೊಡೆಸಲಿಲ್ಲ, ಬೈಯಲೂ ಇಲ್ಲ. "ವಿಚಾರಸಾಕತ್ತೀವಿ, ನೆಳ್ಳಾಗ ಕುಂದರ್ರಿ ತಾಯೀ," ಎಂದು ಒಳಗೆ ಹೋಗುತ್ತಿದ್ದ.

ಬಾಗಿಲ ಕಾವಲಿಗೆ ಒಬ್ಬ ಎಳೆಯ ವಯಸ್ಸಿನವನಿದ್ದ. ಬಿಸಿಲಿನ ಝಳಕ್ಕೆ ಬಾಡಿದ ಆಕೆಯನ್ನು ನೋಡಲಾರದೆ ಅವನು ದಿನಾ ಒಂದು ಚೊಂಬು ನೀರು ತಂದುಕೊಡುತ್ತಿದ್ದ. ಆಕೆ ಗಟಗಟ ಕುಡಿದು, ಅವನ ತಲೆ ಸವರಿ, "ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ," ಎಂದು ಹರಸುತ್ತಿದ್ದಳು. ಆಕೆಯ ಮಗಳ ಕೊರಳಿನಿಂದ ಸರ ಎಳೆದವನು ಅವನೇ. ಆಕೆಗೆ ಅದು ತಿಳಿಯಲಿಲ್ಲ. ಸರದ ಗುರುತು ಹಿಡಿದವಳಿಗೆ ಕೈಯ ಗುರುತು ಹಿಡಿಯಲು ಆಗಲಿಲ್ಲ. ಒಂದು ಬೆಳಗ್ಗೆ ಅದೇ ನೆರಳಿನಲ್ಲಿ ಆಕೆ ಕೂತಲ್ಲೇ ತೀರಿಕೊಂಡಳು.

ಗುರುಗಳು ಕತೆಯನ್ನು ಇಷ್ಟಕ್ಕೆ ಮುಗಿಸಿದರು. ಚಿದಂಬರನಿಗೆ ಸಿಟ್ಟು ತಡೆಯಲಾಗಲಿಲ್ಲ, ಅಳುವೂ ಬಂದಿತ್ತು.

"ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರು, ಒಬ್ಬರಾದರೂ ಒಳ್ಳೆಯವರು ಇರಲಿಲ್ಲವೇ, ಗುರುಗಳೇ?"

"ಎಲ್ಲರೂ ಒಳ್ಳೆಯವರೇ ಇದ್ದರಪ್ಪಾ, ಆಕೆಯ ಚಿತೆಗೆ ಒಂದು ಮನೆಯೂ ತಪ್ಪದೆ ಎಲ್ಲರೂ ಗಂಧದ ಕಟ್ಟಿಗೆ ಕಳಿಸಿದರು."