ಹಾಲು ಹಂಚಿದ ಕರೀ ಡೇರೆ

“ಸ್ಪಿನ್‌ದರಾ ಸೀಮೆಯ ಎಂಟು ಕುಲದವರೂ ಕೇಳಿರಿ! ಜನಗಣತಿ ಮುಗಿದಿದೆ. ಕರೀ ಡೇರೆಯ ಪಠಾಣರನ್ನು ಒಂಬತ್ತನೆಯ ಕುಲವೆಂದು ಬರೆದುಕೊಳ್ಳಬೇಕೋ, ಪರದೇಶಿಗಳೆಂದು ಘಾಟಿಯಾಚೆ ಅಟ್ಟಬೇಕೋ ಎಂಬ ಜಗಳ ಮಾತ್ರ ಮುಗಿದಿಲ್ಲ. ರಾಜಮಾತೆ ಕಟ್ಟಿದ ಮೂರು ಒಗಟು ಬಿಡಿಸಿದವನ ಮಾತೇ ತೀರ್ಪು. ತಪ್ಪಿದವನ ತಲೆ ಖಾನರದು. ಶುಕ್ರವಾರದೊಳಗೆ ಯಾರೂ ಬಿಡಿಸದಿದ್ದರೆ ಡೇರೆಗಳು ಏಳಬೇಕು!”

ಘಾಟಿಯಲ್ಲಿ ಆಗ ಎದೆಮಟ್ಟ ಹಿಮ. ಅಟ್ಟುವುದೂ ಒಂದೇ, ಕೊಲ್ಲುವುದೂ ಒಂದೇ. ಡಂಗುರ ಕೇಳಿದ ದೋದಾ ಹಿಟ್ಟಿನ ಕೈಯನ್ನೂ ಒರೆಸಿಕೊಳ್ಳದೆ ಕೋಟೆಯ ಕಡೆ ಹೊರಟ. ಅವನು ಹೊಳೆದಂಡೆಯ ಬೀಸುಗಿರಣಿಯ ಆಳು. ಅವನು ಹುಟ್ಟಿದಾಗ ತಾಯಿ ಜ್ವರದಲ್ಲಿ ಹಾಲು ಬತ್ತಿ ಮಲಗಿದ್ದಳು. ಡೇರೆಯ ಜರ್ಘೂನಾ ಎಂಬಾಕೆ ಅವನನ್ನು ಎದೆಗೆ ಹಾಕಿಕೊಂಡು ಬದುಕಿಸಿದ್ದಳು. ಆಕೆ ಈಗ ನಾಲ್ಕು ಹೆಜ್ಜೆ ನಡೆಯಲಾರದ ಮುದುಕಿ.

ದರ್ಬಾರಿನಲ್ಲಿ ಖಾನ ಸಖೀದಾದ್ ಗದ್ದುಗೆಯ ಮೇಲೆ, ಅವನ ತಾಯಿ ಪರದೆಯ ಹಿಂದೆ. ಆ ಡೇರೆಗಳ ಹುಲ್ಲುಗಾವಲಿನ ಮೇಲೆ ಕಣ್ಣಿಟ್ಟಿದ್ದ ಸರದಾರ ಗಝೀನ್ ಮೀಸೆ ತಿರುವಿಕೊಂಡು ಮೊದಲು ಮುಂದೆ ಬಂದ.

ಪರದೆ ಕೇಳಿತು: “ಕರೆಯದೆ ಬಂದವನು ಒಡೆಯ, ಕಟ್ಟಿಸಿದವನು ಆಳು. ಯಾವುದಪ್ಪ ಆ ಮನೆ?”

“ಗೆದ್ದುಕೊಂಡ ಕೋಟೆ!” ಎಂದ ಗಝೀನ್.

“ತಪ್ಪು.” ಶುಕ್ರವಾರ ತಲೆ ಕಡಿಯಲೆಂದು ಮೀಸೆಯ ಸಮೇತ ಅವನನ್ನು ಸೆರೆಮನೆಗೆ ಒಯ್ದರು.

ಗಣತಿ ಬರೆದ ಮುನ್ಷಿ ನಿಹಾಲಚಂದ ಜಾಣ. ಅದು ಪಠಾಣರ ಅತಿಥಿಮನೆ ಎಂದು ಥಟ್ಟನೆ ಹೇಳಿದ. ಆದರೆ ಎರಡನೆಯದು ಬಂತು: “ಹಿಮ ಬಿದ್ದರೆ ಹುಟ್ಟುವ ಊರು, ಹಿಮ ಕರಗಿದರೆ ಕಾಣದ ಊರು. ಅದರ ಗೋಡೆಗಳು ಮೊದಲು ಹುಲ್ಲು ಮೇಯುತ್ತವೆ, ಆಮೇಲೆ ಎದ್ದು ನಿಲ್ಲುತ್ತವೆ.”

“ಮೇಯುವ ಗೋಡೆಯೇ?” ಮುನ್ಷಿ ತನ್ನ ಕಡತವನ್ನೆಲ್ಲ ತಿರುವಿಹಾಕಿದ. ಅಂಥ ಊರು ಅದರಲ್ಲಿರಲಿಲ್ಲ. ಅವನೂ ಸೆರೆಮನೆ ಸೇರಿದ.

ಆಮೇಲೆ ದೋದಾ ನಿಂತ. ಅವನ ಹುಬ್ಬಿನ ತುಂಬ ಹಿಟ್ಟು ನೋಡಿ ಸಭೆ ನಕ್ಕಿತು.

“ಅಮ್ಮಾ, ಮೊದಲನೆಯದು ಪಠಾಣರ ಅತಿಥಿಮನೆಯೇ. ಯಾರೇ ಬರಲಿ, ಹಿರಿಯ ಯಜಮಾನನೇ ಎದ್ದು ಅವನ ಕೈಗೆ ನೀರು ಹಾಕ್ತಾನೆ. ಎರಡನೆಯದು ಅವರ ಕರೀ ಡೇರೆ. ಚಳಿಗೆ ಬಂದು ಹೂಡ್ತಾರೆ, ಹಿಮ ಕರಗಿದರೆ ಕಿತ್ತುಕೊಂಡು ಹೋಗ್ತಾರೆ. ಆಡಿನ ಕೂದಲಲ್ಲಿ ನೇಯ್ದದ್ದು. ಗೋಡೆ ಮೇಯೋದನ್ನ ನಾನೇ ಕಾದಿದ್ದೀನಿ.”

ಪರದೆಯ ಹಿಂದಿನಿಂದ ಮೂರನೆಯದು ಬಂತು: “ಒಂದೇ ಹೊಟ್ಟೆಯಲ್ಲಿ ಹುಟ್ಟಲಿಲ್ಲ, ಒಂದೇ ಕುಲವಲ್ಲ, ಒಂದೇ ಸೂರಿನಡಿ ಮಲಗಲಿಲ್ಲ. ಆದರೂ ಅಣ್ಣತಮ್ಮಂದಿರು. ಹೇಗೆ?”

ದೋದಾನ ಕಣ್ಣು ತುಂಬಿತು. “ಒಬ್ಬಳ ಎದೆಹಾಲು ಕುಡಿದವರು, ಅಮ್ಮಾ. ನಮ್ಮ ಸೀಮೇಲಿ ಅದೂ ರಕ್ತದಷ್ಟೇ ನಂಟು. ನಂಗೆ ಹಾಲು ಕೊಟ್ಟ ಜರ್ಘೂನಾ ಅದೇ ಚಳೀಲಿ ಇನ್ನೊಂದು ಕೂಸಿಗೂ ಕೊಟ್ಟಿದ್ದಳಂತೆ. ಯಾರ ಕೂಸು ಅಂತ ಇವತ್ತಿಗೂ ಬಾಯಿಬಿಟ್ಟಿಲ್ಲ.”

ಪರದೆ ಸರಿಯಿತು. ಮುದಿ ರಾಣಿ ಹೊರಗೆ ಬಂದು ಖಾನನ ಮುಂದೆ ನಿಂತಳು. “ಆ ಕೂಸು ನೀನೇ, ಮಗಾ. ನನ್ನಲ್ಲಿ ಹಾಲಿರಲಿಲ್ಲ. ಡೇರೆಯವಳ ಹಾಲು ಕುಡಿದ ಖಾನ ಅಂತ ಜನ ಆಡಿಕೊಂಡಾರು, ಈ ಮಾತನ್ನು ನಾನಾಗಿ ಎತ್ತಕೂಡದು ಅಂತ ನಿಮ್ಮಪ್ಪ ಆಣೆ ಹಾಕಿಸಿಕೊಂಡಿದ್ದರು. ಬೇರೊಬ್ಬರ ಬಾಯಿಂದ ಬರಲಿ ಅಂತಲೇ ಈ ಒಗಟು ಕಟ್ಟಿದೆ.”

ಖಾನ ಗದ್ದುಗೆಯಿಂದಿಳಿದು ಬಂದು ದೋದಾನ ಹಿಟ್ಟಿನ ಕೈ ಹಿಡಿದುಕೊಂಡ. “ತೀರ್ಪು ಹೇಳಣ್ಣ.”

“ಒಂಬತ್ತು ಅಂತ ಬರೀಲಿ. ಬರೆಯೋಕೆ ಮುನ್ಷಿಯ ತಲೆ ಬೇಕು, ಬಿಟ್ಟುಬಿಡಿ. ಸರದಾರರನ್ನೂ ಬಿಡಿ.”

ಹಾಗೇ ಆಯಿತು. ಬೀಸುಗಿರಣಿಯೂ ದೋದಾನದೇ ಆಯಿತು.

ಅಂದು ಸಂಜೆ ಅಣ್ಣತಮ್ಮಂದಿರಿಬ್ಬರೂ ಹಿಮ ತುಳಿದುಕೊಂಡು ಡೇರೆಗೆ ಹೋದರು. ಅತಿಥಿಗೆ ಹಾಕುವ ನೀರಿನ ತಂಬಿಗೆ ಬಾಗಿಲಲ್ಲೇ ಇತ್ತು. ಖಾನ ತಾನಾಗಿಯೇ ಕೈ ಚಾಚಿದ. ಜರ್ಘೂನಾ ಅವನ ಮುಖವನ್ನು ತುಂಬ ಹೊತ್ತು ನೋಡಿದಳು, ತಂಬಿಗೆಯನ್ನು ಮುಟ್ಟಲಿಲ್ಲ.

“ಎಷ್ಟು ತಡ ಮಾಡಿದೆಯೋ! ಒಲೆ ಆರ್ತಾ ಇದೆ, ಹೋಗಿ ಸೌದೆ ತಗೊಂಡು ಬಾ,” ಎಂದಳು.