ಸೀದ ಬ್ರೆಡ್ಡು, ಹೊದಿಸೋ ಬಟ್ಟೆ

ಶುಕ್ರವಾರ ಸಂಜೆ ಸಿಪೋರಾ ಅನ್ನೋ ಯೆಹೂದಿ ಹೆಂಗಸಿನ ಮನೇಲಿ ಸಬ್ಬತ್ ಅನ್ನೋ ವಾರದ ವಿಶ್ರಾಂತಿ ದಿನದ ಊಟಕ್ಕೆ ಮೇಜು ರೆಡಿ, ಆದ್ರೆ ಬ್ರೆಡ್ಡು ಒಂದು ಕಡೆ ಕರ್ರಗೆ ಸೀದುಹೋಗಿತ್ತು!

ಮೊಬೈಲು ಅಂತು, "ದೀಪ ಹಚ್ಚಿ ಸಬ್ಬತ್ ಶುರುವಾಗೋಕೆ ಇನ್ನೂ ಎರಡು ನಿಮಿಷ ಇದೆ, ಫೋಟೋ ತೆಗೆದು ಎಲ್ಲರಿಗೂ ಕಳಿಸ್ಬಿಡ್ತೀನಿ!"

"ಬೇಡಪ್ಪಾ, ಮಾನ ಹೋಗುತ್ತೆ!" ಅಂತ ಬ್ರೆಡ್ಡು ನಡುಗ್ತು.

ತಕ್ಷಣ ಪಕ್ಕದಲ್ಲಿದ್ದ ಕಸೂತಿ ಬಟ್ಟೆ ಬ್ರೆಡ್ಡಿನ ಮೇಲೆ ಹರಡ್ಕೊಳ್ತು.

"ಸತ್ಯಾನ ಮುಚ್ತೀಯಾ?" ಮೊಬೈಲು ರೇಗ್ತು.

"ಪ್ರಾರ್ಥನೇಲಿ ದ್ರಾಕ್ಷಾರಸಕ್ಕೆ ಮೊದಲ ಸರದಿ. ತನ್ನ ಸರದಿಗೆ ಕಾಯೋ ಬ್ರೆಡ್ಡಿಗೆ ಅವಮಾನ ಆಗಬಾರದು ಅಂತ ತಾನೇ ಮಾರಾಯಾ, ಪ್ರತಿ ವಾರ ನನ್ನ ಹೊದಿಸೋದು!" ಅಂತು ಬಟ್ಟೆ.

ಅಷ್ಟರಲ್ಲಿ ಸಿಪೋರಾ ಬಂದು, ಸಬ್ಬತ್ ಮುಗಿಯೋವರೆಗೂ ಬೇಡ ಅಂತ ಮೊಬೈಲನ್ನ ಆಫ್ ಮಾಡೋಕೆ ಎತ್ತಿದ್ಲು.

ಮೊಬೈಲು ಬಟ್ಟೆಗೆ ಪಿಸುಗುಟ್ತು, "ನನ್ನ ಬೆನ್ನಿನ ಗಾಜು ಒಡೆದಿರೋದು ಬ್ರೆಡ್ಡಿಗೆ ಕಾಣ್ತಾ?"

"ನಾನು ಹೋದ ವಾರಾನೇ ನೋಡಿದ್ದೆ," ಅಂತು ಬಟ್ಟೆ. "ಯಾರಿಗೂ ಹೇಳಿಲ್ಲ."