ತಿಳಿದಷ್ಟು ಕೊಡಿ

ಮುಪ್ಪಯ್ಯ ಗುರುಗಳಿಗೆ ಗೊತ್ತಿದ್ದ ವಿದ್ಯೆ ಒಂದೇ. ಕೆರೆಯ ಏರಿ ಎಲ್ಲಿ ಸೋರುತ್ತಿದೆ ಎಂದು ಅದರ ಮೇಲೆ ನಡೆದೇ ಹೇಳಿಬಿಡುತ್ತಿದ್ದರು. ಹತ್ತೂರ ಕೆರೆಗಳ ಸೋರಿಕೆ ನಿಲ್ಲಿಸಿದ ಮಹಾನುಭಾವರು. ಹೊಳೆದಂಡೆಯ ಅವರ ಆಶ್ರಮದ ಸೂರು ಮಾತ್ರ ಮಳೆ ಬಂದರೆ ಸೋರುತ್ತಿತ್ತು. ಕೇಳಿದವರಿಗೆ ನಗು ಬರುತ್ತಿತ್ತು, ಒಳಗೆ ಮಲಗಿದವರಿಗೆ ಬರುತ್ತಿರಲಿಲ್ಲ.

ಅವರ ಶಿಷ್ಯ ಮಾಳಿಂಗ ಹನ್ನೆರಡು ವರ್ಷ ಜೊತೆಗೆ ನಡೆದು ಕಲಿತವನು. ಮೊದಲ ಬಾರಿಗೆ ಒಬ್ಬನೇ ಹೋದದ್ದು ಕೆಂಚನಗೌಡನ ಕೆರೆಗೆ.

ಒಂದು ಮುಂಜಾನೆ ಅವನು ಬಂದು, ತೆಂಗಿನ ಮರದ ಕೆಳಗೆ ಕೂತಿದ್ದ ಗುರುಗಳ ಮುಂದೆ ತನ್ನ ಅಳತೆಗೋಲನ್ನು ಇಟ್ಟ. ಪಕ್ಕದಲ್ಲಿ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ ಇಟ್ಟ.

"ಈ ವಿದ್ಯೆ ನನಗೆ ಸಾಕು ಗುರುಗಳೇ. ಇನ್ನು ಮಣ್ಣು ಹೊರಲು ಹೋಗುತ್ತೇನೆ."

ಆದದ್ದಿಷ್ಟು. ಆರು ದಿನ ಏರಿಯುದ್ದಕ್ಕೂ ನಡೆದು, ಹುಲ್ಲು ಎಲ್ಲಿ ಅತಿಯಾಗಿ ಹಸಿರಾಗಿದೆ ನೋಡಿ, ಏಡಿ ಬಿಲ ಬಗೆದು, ಸೋರುವ ಜಾಗ ತೋರಿಸಿದ್ದ. ಆಳುಗಳು ಅಲ್ಲಿ ಅಗೆದು ಜೇಡಿಮಣ್ಣು ತುಂಬಿ ತುಳಿದರು. ಸೋರಿಕೆ ನಿಂತಿತು. ಮಣ್ಣು ಹೊತ್ತವರಿಗೆ ಅಂದು ಸಂಜೆಯೇ ಕೂಲಿ ಸಿಕ್ಕಿತು. ಮಾಳಿಂಗನಿಗೆ ಸಿಕ್ಕಿದ್ದು ಈ ತೆಂಗಿನಕಾಯಿ.

ಆಮೇಲೆ ನಾಲ್ಕು ಸಲ ಹೋಗಿ ಬಂದ. ಒಮ್ಮೆ ಗೌಡರು ಊಟಕ್ಕೆ ಕೂತಿದ್ದಾರೆ, ಇನ್ನೊಮ್ಮೆ ಮಲಗಿದ್ದಾರೆ. ನಾಲ್ಕನೆಯ ಸಲ ಸಿಕ್ಕ ಗೌಡ, ನೀನೇನು ಬುಟ್ಟಿ ಹೊತ್ತೆಯಾ, ಬಾಯಲ್ಲಿ ಹೇಳಿದ್ದು ತಾನೇ ಎಂದು ಆಳುಗಳ ಮುಂದೆಯೇ ನಕ್ಕಿದ್ದ. ಮಾಳಿಂಗನಿಗೆ ದುಡ್ಡು ಹೋದದ್ದಕ್ಕಿಂತ ಆ ನಗು ಹೆಚ್ಚು ಚುಚ್ಚಿತ್ತು.

"ಎಷ್ಟು ಕೊಡಬೇಕು ಅಂತ ಹೇಳಿದ್ದೆ?" ಗುರುಗಳು ಕೇಳಿದರು.

"ನಿಮಗೆ ತಿಳಿದಷ್ಟು ಕೊಡಿ ಅಂದಿದ್ದೆ."

"ಮತ್ತೆ ಕೊಟ್ಟಿದ್ದಾನಲ್ಲ. ಅವನಿಗೆ ತಿಳಿದದ್ದು ಇಷ್ಟೇ."

ಮಾಳಿಂಗನಿಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಎದುರಾಡಿದ.

"ಆ ಮಾತು ನಿಮ್ಮ ಬಾಯಿಂದಲೇ ಕಲಿತದ್ದು. ಹೋದಲ್ಲೆಲ್ಲ ನೀವು ಹೇಳುತ್ತಿದ್ದದ್ದು ಅದನ್ನೇ."

ಗುರುಗಳು ತಲೆಯೆತ್ತಿ ತೆಂಗಿನ ಮರವನ್ನೊಮ್ಮೆ ನೋಡಿದರು. ಆಮೇಲೆ ಅಳತೆಗೋಲನ್ನು ಒರೆಸಿ ಶಿಷ್ಯನ ತೊಡೆಯ ಮೇಲಿಟ್ಟರು.

"ಹೌದು. ನನ್ನಿಂದ ಕಲಿತದ್ದರಲ್ಲಿ ಇದನ್ನು ಇಟ್ಟುಕೋ. ಆ ಮಾತನ್ನು ಬಿಡು."

ಮಾಳಿಂಗ ಮಣ್ಣು ಹೊರಲು ಹೋಗಲೂ ಇಲ್ಲ, ಕೋಲು ಹಿಡಿದು ಹೊರಡಲೂ ಇಲ್ಲ. ಹೀಗೇ ಒಂದು ತಿಂಗಳು ಕಳೆಯಿತು. ತೆಂಗಿನಕಾಯಿ ಮರದ ಬುಡದಲ್ಲೇ ಬಿದ್ದಿತ್ತು.

ಆಗ ಕೆಂಚನಗೌಡನೇ ಗಾಡಿ ಕಟ್ಟಿಸಿಕೊಂಡು ಬಂದ. ಏರಿಯ ಇನ್ನೊಂದು ಕೊನೆಯಲ್ಲಿ ನೀರು ಜಿನುಗುತ್ತಿದೆಯಂತೆ, ಹೀಗಾದರೆ ತೋಟಕ್ಕೆ ನೀರು ಸಾಲುವುದಿಲ್ಲವಂತೆ. ಮಾಳಿಂಗನ ಕಡೆ ತಿರುಗಿಯೂ ನೋಡದೆ, ತಾವೇ ಬರಬೇಕು ಎಂದು ಗುರುಗಳಿಗೆ ಕೈಮುಗಿದ. ಈಗ ಆ ಕೆರೆ ಗೊತ್ತಿರುವುದು ಇವನಿಗೆ, ಇವನನ್ನೇ ಕೇಳಿ ಎಂದು ಗುರುಗಳು ಹೊಳೆಯ ಕಡೆ ಮುಖ ಮಾಡಿದರು.

ಗೌಡ ಮೀಸೆ ನೀವಿಕೊಂಡ. ಬಾರಪ್ಪಾ, ತಿಳಿದಷ್ಟು ಕೊಟ್ಟರಾಯಿತು ಎಂದ.

ಮಾಳಿಂಗ ಅಳತೆಗೋಲು ಹಿಡಿದು ಎದ್ದು ನಿಂತ.

"ನಿಮಗೆ ತಿಳಿಯುವುದು ಬೇಡ ಗೌಡರೇ. ನನಗೆ ತಿಳಿದಿದೆ. ಹಿಂದಿನ ಕೆಲಸಕ್ಕೆ ಆರು ವರಹ, ಈಗಿನದಕ್ಕೆ ಮೂರು. ಒಂಬತ್ತನ್ನೂ ಈ ಕಲ್ಲಿನ ಮೇಲಿಡಿ, ಗಾಡಿ ಹತ್ತುತ್ತೇನೆ."

ಗೌಡ ಸಿಡಿಮಿಡಿಗೊಂಡು ಗಾಡಿಯವರೆಗೂ ಹೋದ. ಅಲ್ಲೇ ನಿಂತ. ತೋಟ ನೆನಪಾಗಿರಬೇಕು, ವಾಪಸ್ಸು ಬಂದ. ಸೊಂಟದ ಚೀಲ ಬಿಚ್ಚಿ ಒಂದೊಂದಾಗಿ ಒಂಬತ್ತನ್ನೂ ಕಲ್ಲಿನ ಮೇಲಿಟ್ಟ.

ಮಾಳಿಂಗ ಅದರಲ್ಲಿ ಎರಡನ್ನು ಗುರುಗಳ ಪಾದದ ಬಳಿ ಇಟ್ಟು, ಮೊದಲು ಸೂರು ಹೊದಿಸಿಕೊಳ್ಳಿ ಎಂದ. ಎದೆಯೆತ್ತಿ ನಡೆದು ಗಾಡಿ ಹತ್ತಿ ಕೂತ. ಗುರುಗಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ.

ಗೌಡನಿಗೆ ತಡೆಯಲಾಗಲಿಲ್ಲ.

"ತಾವು ಒಂದು ದಿನವೂ ಬಾಯಿಬಿಟ್ಟು ಕೇಳಿದವರಲ್ಲ. ಅಂದು ಕೆರೆ ಕೆಲಸಕ್ಕೆ ನಮ್ಮ ತಂದೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿರಿ. ಇವನಿಗೇಕೆ ಇಷ್ಟು ಆಸೆ?"

ಗುರುಗಳು ಮರದ ಬುಡದಲ್ಲಿದ್ದ ತೆಂಗಿನಕಾಯಿ ಎತ್ತಿ ಗೌಡನ ಕೈಗೆ ಕೊಟ್ಟರು.

"ನಿಮ್ಮ ತಂದೆ ಕೊಟ್ಟದ್ದೂ ಒಂದು ತೆಂಗಿನಕಾಯಿಯೇ. ನಲವತ್ತು ವರ್ಷದ ಹಿಂದೆ ಇಲ್ಲೇ ನೆಟ್ಟೆ, ಈ ಮರ ಅದೇ. ಇನ್ನೊಂದಕ್ಕೆ ಇಲ್ಲಿ ಜಾಗವಿಲ್ಲ."